ಹಳೆಯ ಮದರ್‌ಬೋರ್ಡ್‌ಗೆ ಹೊಸ ಬಯೋಸ್: ಕೆಡದಂತೆ ಹಾಕುವ ಸೂತ್ರಗಳು

2017ರ ಸುಮಾರಿಗೆ ಕೊಂಡ ಎಎಂಡಿಯ ಎಎಂ4 ಬೋರ್ಡು ನಿಮ್ಮಲ್ಲಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. ಆ ಕಾಲದ ಬಿ350, ಎಕ್ಸ್370 ಬೋರ್ಡುಗಳಿಗೂ 2022ರಲ್ಲಿ ರೈಜನ್ 5000 ಸರಣಿಯ ಬೆಂಬಲ ಬಂತು. ಬೋರ್ಡು, ರ‍್ಯಾಮ್ ಅವೇ ಇರುತ್ತವೆ, ಪ್ರೊಸೆಸರ್ ಬದಲಿಸಿದರೆ ಸಾಕು. ಆದರೆ ಅದಕ್ಕೂ ಮೊದಲು ಬಯೋಸ್ ಅಪ್‌ಡೇಟ್ ಆಗಬೇಕು. ಅಪ್‌ಡೇಟ್ ಕೆಲವೇ ನಿಮಿಷಗಳ ಕೆಲಸ. ಕೆಡುವುದೆಲ್ಲ ಅದರ ಹಿಂದಿನ ತಯಾರಿ ಸಾಲದೆ.

1. ಕಾರಣವಿದ್ದರೆ ಮಾತ್ರ ಮುಟ್ಟಿ. ಹೊಸ ಪ್ರೊಸೆಸರ್, ಭದ್ರತೆಯ ದೋಷ, ಸ್ಥಿರವಾಗಿ ನಿಲ್ಲದ ರ‍್ಯಾಮ್: ಇವು ಕಾರಣಗಳು. ಹೊಸ ಆವೃತ್ತಿ ಬಂದಿದೆ ಎಂಬುದಷ್ಟೇ ಕಾರಣವಲ್ಲ.

2. ಬೋರ್ಡಿನ ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿ. ಎಂಎಸ್‌ಐ ಬಿ450 ಟೊಮಾಹಾಕ್ ಬೇರೆ, ಬಿ450 ಟೊಮಾಹಾಕ್ ಮ್ಯಾಕ್ಸ್ ಬೇರೆ. ಮೊದಲನೆಯದರ ಬಯೋಸ್ ಚಿಪ್ 16 ಎಂಬಿ, ಎರಡನೆಯದು 32 ಎಂಬಿ. ಗಿಗಾಬೈಟ್ ಬೋರ್ಡಾದರೆ ಅಂಚಿನಲ್ಲಿ ಅಚ್ಚಾಗಿರುವ ರಿವಿಷನ್ ಸಂಖ್ಯೆಯೂ ಬೇಕು. ಈಗಿರುವ ಆವೃತ್ತಿ ಯಾವುದೆಂದು ವಿಂಡೋಸ್‌ನ ‘ಸಿಸ್ಟಂ ಇನ್ಫರ್ಮೇಶನ್’ನಲ್ಲಿ ಕಾಣುತ್ತದೆ.

3. ಫೈಲಿನ ಜೊತೆಗಿರುವ ಟಿಪ್ಪಣಿ ಓದದೆ ಡೌನ್‌ಲೋಡ್ ಮಾಡಬೇಡಿ. ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ಇದೇ ಮುಖ್ಯ ಸೂತ್ರ. ಕೆಲವು ಬೋರ್ಡುಗಳು ತೀರಾ ಹಳೆಯ ಆವೃತ್ತಿಯಿಂದ ನೇರವಾಗಿ ಹೊಸದಕ್ಕೆ ಹೋಗಲಾರವು, ನಡುವಿನದೊಂದನ್ನು ಮೊದಲು ಹಾಕಬೇಕು. ಕೆಲವನ್ನು ಹಾಕಿದ ಮೇಲೆ ಹಿಂದಿನದಕ್ಕೆ ಮರಳಲಾಗದು. 16 ಎಂಬಿ ಚಿಪ್‌ಗಳದು ಇನ್ನೊಂದು ಪಾಡು: ಹೊಸ ಪ್ರೊಸೆಸರ್‌ಗಳ ಕೋಡಿಗೆ ಜಾಗ ಸಾಲದೆ, ಬ್ರಿಸ್ಟಲ್ ರಿಡ್ಜ್‌ನಂಥ ಹಳೆಯವುಗಳ ಬೆಂಬಲವನ್ನೇ ಹಲವು ಬೋರ್ಡುಗಳಲ್ಲಿ ಕಿತ್ತುಹಾಕಿದರು. ಅಂಥ ಬಯೋಸ್ ಹಾಕಿದರೆ ಹಳೆಯ ಪ್ರೊಸೆಸರ್‌ನಲ್ಲಿ ಪರದೆ ಬೆಳಗುವುದೇ ಇಲ್ಲ. ಹಾಗಾಗಿ ಹೊಸ ಪ್ರೊಸೆಸರ್ ಕೈಗೆ ಬಂದ ಮೇಲೆಯೇ ಶುರುಮಾಡಿ.

4. ಹಳೆಯ ಪ್ರೊಸೆಸರನ್ನು ಮೊದಲೇ ಮಾರಬೇಡಿ. ಅಪ್‌ಡೇಟ್ ನಡೆಯುವುದು ಅದರ ಮೇಲೆಯೇ. ಪ್ರೊಸೆಸರ್ ಇಲ್ಲದೆಯೇ ಬಯೋಸ್ ಬರೆಯುವ ಫ್ಲ್ಯಾಶ್‌ಬ್ಯಾಕ್ ಗುಂಡಿ ಬೋರ್ಡಿನ ಹಿಂಬದಿಯಲ್ಲಿ ಇದ್ದರೆ ಮಾತ್ರ ಈ ಮಾತು ಅನ್ವಯಿಸದು.

5. ವಿಂಡೋಸ್ ಒಳಗಿಂದ ಅಪ್‌ಡೇಟ್ ಬೇಡ. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಜಿಪ್ ಬಿಚ್ಚಿದ ಫೈಲನ್ನು ಹಾಕಿ, ಬಯೋಸ್‌ನೊಳಗಿನ ಸಾಧನವನ್ನೇ ಬಳಸಿ. ಏಸಸ್‌ನಲ್ಲಿ ಅದು ಇಝೀ ಫ್ಲ್ಯಾಶ್, ಗಿಗಾಬೈಟ್‌ನಲ್ಲಿ ಕ್ಯೂ-ಫ್ಲ್ಯಾಶ್, ಎಂಎಸ್‌ಐನಲ್ಲಿ ಎಂ-ಫ್ಲ್ಯಾಶ್.

6. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ. ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ. ಪ್ರೊಸೆಸರ್ ಬದಲಿಸಿದಾಗ, ಆ ಬೀಗದ ಕೀಲಿಯನ್ನು ಕಾಯುವ ಎಫ್‌ಟಿಪಿಎಂ ಅಳಿಸಲೇ ಎಂದು ಬೋರ್ಡು ಕೇಳುತ್ತದೆ. ಕೀ ಇಲ್ಲದೆ ‘ವೈ’ ಒತ್ತಿದವರು ತಮ್ಮ ಫೋಟೊ, ದಾಖಲೆಗಳನ್ನೆಲ್ಲ ಕಳೆದುಕೊಳ್ಳಬಹುದು. ಬೇರೆ ಡಿಸ್ಕಿನಲ್ಲಿ ಬ್ಯಾಕಪ್ ಇರಲಿ. ಈಗಿನ ಬಯೋಸ್ ಸೆಟ್ಟಿಂಗ್‌ಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ, ಅಪ್‌ಡೇಟ್ ಆದಮೇಲೆ ಎಲ್ಲ ಅಳಿಸಿಹೋಗಿರುತ್ತವೆ.

7. ಯುಪಿಎಸ್ ಇಲ್ಲದೆ ಶುರುಮಾಡಬೇಡಿ, ಅದರಲ್ಲೂ ಮಳೆಗಾಲದ ಸಂಜೆ. ಚಿಪ್‌ನಲ್ಲಿದ್ದುದನ್ನು ಅಳಿಸಿ ಹೊಸದನ್ನು ಬರೆಯುವಾಗ ಕರೆಂಟು ಹೋದರೆ ಬೋರ್ಡಿಗೆ ಏಳುವುದಕ್ಕೆ ಬೇಕಾದ ಕೋಡೇ ಉಳಿದಿರುವುದಿಲ್ಲ. ನಡುವೆ ಪರದೆ ಕಪ್ಪಾದರೂ, ಯಂತ್ರ ತಾನಾಗಿ ಎರಡು ಮೂರು ಬಾರಿ ರೀಸ್ಟಾರ್ಟ್ ಆದರೂ ಸ್ವಿಚ್ಚಿಗೆ ಕೈ ಹಾಕಬೇಡಿ. ಕಾಯಿರಿ.

8. ಆದಮೇಲೆ ‘ಡಿಫಾಲ್ಟ್’ ಸೆಟ್ಟಿಂಗ್ ಲೋಡ್ ಮಾಡಿ, ಫೋಟೊ ನೋಡಿಕೊಂಡು ಒಂದೊಂದಾಗಿ ಸರಿಪಡಿಸಿ: ಸಾಟಾ ಮೋಡ್, ಬೂಟ್ ಕ್ರಮ, ವರ್ಚುಯಲೈಸೇಶನ್. ರ‍್ಯಾಮಿನ ಎಕ್ಸ್‌ಎಂಪಿ ಕೊನೆಗಿರಲಿ. ಗಡಿಯಾರ ಪದೇ ಪದೇ ತಪ್ಪುತ್ತಿದ್ದರೆ ಸಿಆರ್2032 ಸೆಲ್ಲನ್ನೂ ಬದಲಿಸಿ.

9. ಕೆಟ್ಟೇ ಹೋದರೆ ಬೋರ್ಡನ್ನು ಎಸೆಯಬೇಡಿ. ಮೊದಲು ಫ್ಲ್ಯಾಶ್‌ಬ್ಯಾಕ್ ಗುಂಡಿ ಅಥವಾ ಗಿಗಾಬೈಟ್‌ನ ಡ್ಯುಯಲ್ ಬಯೋಸ್ ಇದೆಯೇ ನೋಡಿ. ಇಲ್ಲವಾದರೆ ಚಿಪ್-ಲೆವೆಲ್ ರಿಪೇರಿ ಮಾಡುವವರ ಬಳಿ ಒಯ್ಯಿರಿ. ಸಿಎಚ್341ಎಯಂಥ ಅಗ್ಗದ ಪ್ರೋಗ್ರಾಮರ್‌ನಿಂದ ಎಂಟು ಕಾಲಿನ ಆ ಚಿಪ್‌ಗೆ ನೇರವಾಗಿ ಬರೆಯಬಹುದು. ಚಿಪ್ 1.8 ವೋಲ್ಟಿನದೋ 3.3 ವೋಲ್ಟಿನದೋ ಎಂದು ಮೊದಲು ನೋಡುವಂತೆ ಹೇಳಿ. 1.8ರದಕ್ಕೆ 3.3 ಕೊಟ್ಟರೆ ಚಿಪ್ಪೇ ಸುಟ್ಟುಹೋಗಬಹುದು.