ನಾವು ಎಲ್ಲಿ ಅಲ್ಪಸಂಖ್ಯಾತರು?

“ನಿಮ್ಮ ಮೊಹಲ್ಲಾದಲ್ಲಿ ಎಲ್ಲರೂ ಮುಸ್ಲಿಮರು, ಎಲ್ಲರದೂ ಉರ್ದು. ಮತ್ತೆ ನೀವು ಅಲ್ಪಸಂಖ್ಯಾತರು ಹೇಗೆ?” ಕೆರೆಬಿಳಚಿಯ ಬಸ್ ನಿಲ್ದಾಣದಲ್ಲಿ ಗೆಳೆಯನೊಬ್ಬ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಧರ್ಮ ಅಥವಾ ಭಾಷೆಯ ಆಧಾರದ ಅಲ್ಪಸಂಖ್ಯಾತರಿಗೆ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕನ್ನು ಸಂವಿಧಾನದ 30(1)ನೇ ವಿಧಿ ಕೊಟ್ಟಿದೆ. ಅವನ ಮಾತು ಸರಿಯಾದರೆ ನಮ್ಮಂಥ ಕಾಲೇಜುಗಳ ಗತಿಯೇನು?

ಮನೆಗೆ ಬಂದು ಅವನ ವಾದವನ್ನು ತರ್ಕಶಾಸ್ತ್ರದ ರೀತಿಯಲ್ಲಿ ಬರೆದು ನೋಡಿದೆ:

1. ಒಂದು ಕಡೆ ಹೆಚ್ಚು ಸಂಖ್ಯೆಯಲ್ಲಿರುವವರು ಅಲ್ಲಿ ಅಲ್ಪಸಂಖ್ಯಾತರಲ್ಲ.
2. ಮೊಹಲ್ಲಾದಲ್ಲಿ ನಾವು ಹೆಚ್ಚು ಸಂಖ್ಯೆಯಲ್ಲಿದ್ದೇವೆ.
3. ಆದ್ದರಿಂದ ನಾವು ಅಲ್ಪಸಂಖ್ಯಾತರಲ್ಲ.

ಮೂರನೆಯ ಸಾಲಿನಲ್ಲಿ ‘ಅಲ್ಲಿ’ ಎಂಬ ಪದ ಬಿಟ್ಟುಹೋಗಿದೆ! ಬರಬೇಕಾದ ತೀರ್ಮಾನ “ಮೊಹಲ್ಲಾದಲ್ಲಿ ಅಲ್ಪಸಂಖ್ಯಾತರಲ್ಲ” ಎಂಬುದಷ್ಟೇ. ಎಣಿಕೆಗೆ ಮೊಹಲ್ಲಾವೇ ಘಟಕ ಎಂಬ ಆಧಾರವಾಕ್ಯವನ್ನು ಅವನು ಹೇಳದೆಯೇ ಸೇರಿಸಿದ್ದ.

ಹಾಗಾದರೆ ಘಟಕ ಯಾವುದು? 30ನೇ ವಿಧಿಯಲ್ಲಿ ಅದು ಬರೆದಿಲ್ಲ. ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ ಕರ್ನಾಟಕ ರಾಜ್ಯದ ವಿರುದ್ಧ ಹೂಡಿದ ಪ್ರಕರಣದಲ್ಲಿ. 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿತು. ಬಹುಮತದ ವಾದ ಸರಳ: ರಾಜ್ಯಗಳು ಭಾಷೆಯ ಆಧಾರದ ಮೇಲೆ ರಚನೆಯಾಗಿವೆ, ಆದ್ದರಿಂದ ಭಾಷಾ ಅಲ್ಪಸಂಖ್ಯಾತರನ್ನು ರಾಜ್ಯವಾರು ಗುರುತಿಸಬೇಕು. 30ನೇ ವಿಧಿ ಧರ್ಮ, ಭಾಷೆ ಎರಡನ್ನೂ ಸಮಾನವಾಗಿ ಕಾಣುತ್ತದೆ. ಆದ್ದರಿಂದ ಧರ್ಮಕ್ಕೂ ರಾಜ್ಯವೇ ಘಟಕ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಮುಸ್ಲಿಮರು ಸುಮಾರು ಶೇ. 13. ಮೊಹಲ್ಲಾದಲ್ಲಿ ಎಷ್ಟೇ ಜನರಿದ್ದರೂ ರಾಜ್ಯದಲ್ಲಿ ನಾವು ಅಲ್ಪಸಂಖ್ಯಾತರು. ಹಾಗೆಯೇ ಇಲ್ಲಿ ಬಹುಸಂಖ್ಯಾತರಾದ ಕನ್ನಡಿಗರು ಕಾಸರಗೋಡಿನಲ್ಲಿದ್ದರೆ, ಕೇರಳದ ಲೆಕ್ಕದಲ್ಲಿ ಭಾಷಾ ಅಲ್ಪಸಂಖ್ಯಾತರು. ಈ ನಿಯಮ ನಮ್ಮೊಬ್ಬರಿಗಾಗಿ ಮಾಡಿದ್ದಲ್ಲ.

ಒಂದು ಮಾತು ಗಮನಿಸಿ. ಹಕ್ಕಿನಲ್ಲಿ ಸಮಾನರೆಂದರೆ ಎಣಿಕೆಯ ಘಟಕವೂ ಒಂದೇ ಆಗಿರಬೇಕೆಂದು ತರ್ಕವೊಂದೇ ಹೇಳಲಾರದು. ಅದು ನ್ಯಾಯಾಲಯ ಮಾಡಿದ ವ್ಯಾಖ್ಯಾನ. ಆಧಾರವಾಕ್ಯಗಳಿಂದ ತೀರ್ಮಾನ ಹೊರಡುತ್ತದೆಯೇ ಎಂದು ತರ್ಕ ಪರೀಕ್ಷಿಸುತ್ತದೆ. ಆಧಾರವಾಕ್ಯವನ್ನು ಸಂವಿಧಾನದ ಉದ್ದೇಶ ನೋಡಿ ಆರಿಸಬೇಕು.

ಮರುದಿನ ಗೆಳೆಯನಿಗೆ ಇದನ್ನೆಲ್ಲ ಹೇಳಿ, ಜಂಬದಿಂದ “ಹಕ್ಕಿದೆ, ಆದ್ದರಿಂದ ಸರ್ಕಾರದ ನಿಯಮ ನಮಗಿಲ್ಲ” ಎಂದೂ ಸೇರಿಸಿದೆ. “ಇದರಲ್ಲಿ ಬಿಟ್ಟುಹೋದ ಸಾಲು ಯಾವುದು?” ಎಂದು ಅವನು ನಕ್ಕ. ನಿಜ. ಅನುದಾನ ಪಡೆಯುವ ಅಲ್ಪಸಂಖ್ಯಾತ ಸಂಸ್ಥೆ ಇತರ ವಿದ್ಯಾರ್ಥಿಗಳಿಗೂ ಸಮಂಜಸ ಪ್ರಮಾಣದಲ್ಲಿ ಪ್ರವೇಶ ಕೊಡಬೇಕೆಂದು ಅದೇ ತೀರ್ಪು ಹೇಳಿದೆ. ಈ ಸಲ ‘ಆದ್ದರಿಂದ’ ಎಂದು ಅವಸರಪಟ್ಟವನು ನಾನೇ.