ಬೆಳ್ಳಿ, ಹರ್ಷಲ, ದೇವಯಾನಿ

ದಾಳಿಂಬ, ಉಮರ್ಗಾ ಸೀಮೆಯ ಅನೇಕ ವಿದ್ಯಾರ್ಥಿಗಳಿಗೆ ಆಕಾಶವು ಎರಡು ಭಾಷೆಗಳಲ್ಲಿ ದೊರೆಯುತ್ತದೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅದು ಮರಾಠಿ. ಮನೆಯ ಹಿರಿಯರ ಮಾತಿನಲ್ಲಿ, ಐಚ್ಛಿಕ ಕನ್ನಡದ ಕಾವ್ಯಭಾಗದಲ್ಲಿ ಅದು ಕನ್ನಡ. ಎರಡೂ ಒಂದೇ ಆಕಾಶವೆಂಬುದು ಹೊಳೆಯದಿದ್ದರೆ ಪದ್ಯವೂ ಕೆಡುತ್ತದೆ, ವಿಜ್ಞಾನವೂ ಕೆಡುತ್ತದೆ. ‘ಬೆಳ್ಳಿ ಮೂಡಿತು’ ಎಂಬ ವಾಕ್ಯವನ್ನು ಮರಾಠಿಗೆ ತರುವಾಗ ಬೆಳ್ಳಿಗೆ ‘ಚಾಂದಿ’ ಎಂದು ಬರೆದರೆ ನಸುಕಿನ ಆಕಾಶವು ಅಕ್ಕಸಾಲಿಗನ ಅಂಗಡಿಯಾಗಿಬಿಡುತ್ತದೆ. ಅಲ್ಲಿ ಬೆಳ್ಳಿ ಲೋಹವಲ್ಲ, ಶುಕ್ರ. ಮರಾಠಿಯು ಅದನ್ನು ‘ಶುಕ್ರಾಚಿ ಚಾಂದಣಿ’ ಎನ್ನುತ್ತದೆ. ಕನ್ನಡವು ಬೆಳ್ಳಿಚುಕ್ಕಿ ಎನ್ನುತ್ತದೆ. ಚಾಂದಣಿಯೂ ಚುಕ್ಕಿಯೂ ನಕ್ಷತ್ರಕ್ಕೆ ಸಲ್ಲುವ ಮಾತುಗಳು. ಆದರೆ ಶುಕ್ರ ನಕ್ಷತ್ರವಲ್ಲ. ಸೂರ್ಯನಿಂದ ಎರಡನೆಯ ಗ್ರಹ. ಅದಕ್ಕೆ ಸ್ವಂತ ಬೆಳಕಿಲ್ಲ. ಅದರ ಕಕ್ಷೆಯು ಭೂಮಿಯ ಕಕ್ಷೆಯ ಒಳಗಿರುವುದರಿಂದ ಅದು ಸೂರ್ಯನಿಂದ ಸುಮಾರು 47 ಅಂಶಗಳಿಗಿಂತ ದೂರ ಸರಿದು ಕಾಣುವುದಿಲ್ಲ. ಬೆಳ್ಳಿಯು ನಸುಕಿನಲ್ಲಿ ಇಲ್ಲವೇ ಸಂಜೆಯಲ್ಲಿ ಮಾತ್ರ ಕಾಣುವುದಕ್ಕೆ, ನಡುರಾತ್ರಿಯಲ್ಲಿ ನೆತ್ತಿಯ ಮೇಲೆ ಎಂದೂ ಕಾಣದಿರುವುದಕ್ಕೆ ಇದೇ ಕಾರಣ.

‘ಗ್ರಹ’ ಶಬ್ದವನ್ನೂ ಎಚ್ಚರದಿಂದ ಓದಬೇಕು. ಸಂಸ್ಕೃತದಲ್ಲಿ ಅದರ ಮೂಲಾರ್ಥ ಹಿಡಿಯುವುದು. ನವಗ್ರಹಗಳಲ್ಲಿ ಸೂರ್ಯ, ಚಂದ್ರರೂ ಸೇರಿದ್ದಾರೆ. ರಾಹು, ಕೇತುಗಳೂ ಸೇರಿವೆ. ಈ ಕೊನೆಯ ಎರಡು ಕಾಯಗಳೇ ಅಲ್ಲ. ಚಂದ್ರನ ದಾರಿಯು ಸೂರ್ಯನ ದಾರಿಯನ್ನು ಕತ್ತರಿಸುವ ಬಿಂದುಗಳು. ಇಂದಿನ ವಿಜ್ಞಾನದಲ್ಲಿ ಸೂರ್ಯನು ನಕ್ಷತ್ರ, ಚಂದ್ರನು ಭೂಮಿಯ ಉಪಗ್ರಹ, ಭೂಮಿಯೇ ಒಂದು ಗ್ರಹ. ನವಗ್ರಹಗಳ ಪಟ್ಟಿಯಲ್ಲಿ ಭೂಮಿಯ ಹೆಸರಿಲ್ಲ; ನೋಡುವವನು ನಿಂತ ನೆಲವನ್ನು ಆ ಲೆಕ್ಕ ಎಣಿಸಿರಲಿಲ್ಲ. ಹಳೆಯ ಕಾವ್ಯದಲ್ಲಿ ರಾಹು ಚಂದ್ರನನ್ನು ನುಂಗಿದರೆ ಅದು ಕವಿಯ ಅಜ್ಞಾನವಲ್ಲ, ಶಬ್ದದ ಬೇರೊಂದು ಕಾಲ.

ಮರಾಠಿ ಪಂಚಾಂಗ ಮತ್ತು ಜ್ಯೋತಿಷ್ಯದ ಪುಸ್ತಕಗಳಲ್ಲಿ ಕಾಣಸಿಗುವ ‘ಹರ್ಷಲ’ ಎಂಬ ಹೆಸರು ಇನ್ನೂ ಸ್ವಾರಸ್ಯದ್ದು. ಕೇಳಲು ಅದು ಸಂಸ್ಕೃತದಂತಿದೆ, ಹರ್ಷದ ನೆಂಟನೇನೋ ಎನಿಸುತ್ತದೆ. ವಾಸ್ತವದಲ್ಲಿ ಅದು ಒಬ್ಬ ಮನುಷ್ಯನ ಹೆಸರು. ವಿಲಿಯಂ ಹರ್ಷೆಲ್ ಜರ್ಮನಿಯ ಹ್ಯಾನೋವರಿನಿಂದ ಇಂಗ್ಲೆಂಡಿಗೆ ಬಂದ ಸಂಗೀತಗಾರ. 1781ರ ಮಾರ್ಚ್ 13ರಂದು, ಬಾತ್ ಊರಿನ ತನ್ನ ಮನೆಯಲ್ಲಿ, ತಾನೇ ತಯಾರಿಸಿದ ದುರ್ಬೀನಿನಲ್ಲಿ ಆತ ಒಂದು ಹೊಸ ಕಾಯವನ್ನು ಕಂಡು ಧೂಮಕೇತುವೆಂದು ಬಗೆದ. ಅದು ಶನಿಯಿಂದಾಚೆಗಿನ ಗ್ರಹವೆಂದು ಮುಂದೆ ತಿಳಿಯಿತು. ಕೆಲವರು ಅದನ್ನು ಹರ್ಷೆಲ್ ಎಂದೇ ಕರೆದರು. ಯುರೇನಸ್ ಎಂಬ ಹೆಸರು ನಿಧಾನವಾಗಿ ನೆಲೆಯೂರಿತು. ಸೂರ್ಯನ ಬೆಳಕು ಭೂಮಿಗೆ ಎಂಟೂ ಚಿಲ್ಲರೆ ನಿಮಿಷಗಳಲ್ಲಿ ಬಂದರೆ ಯುರೇನಸ್ಸಿಗೆ ಹೋಗಲು ಎರಡೂವರೆ ಗಂಟೆಗೂ ಹೆಚ್ಚು ಬೇಕು. ಸೂರ್ಯನ ಸುತ್ತ ಅದರ ಒಂದು ಪ್ರದಕ್ಷಿಣೆಗೆ 84 ವರ್ಷ. 1787ರಲ್ಲಿ ವಿಲಿಯಂ ಅದರ ಎರಡು ಉಪಗ್ರಹಗಳನ್ನು ಕಂಡ. ಆತನ ಮಗ ಜಾನ್ ಅವುಗಳಿಗೆ ಟೈಟಾನಿಯ, ಒಬೆರಾನ್ ಎಂದು ಹೆಸರಿಟ್ಟ. ಇವು ಶೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದ ಪಾತ್ರಗಳು. ಸಾಹಿತ್ಯದ ವಿದ್ಯಾರ್ಥಿಗೆ ಈ ಚಂದ್ರರು ಪರಕೀಯರಲ್ಲ.

ಈ ಮನೆತನದ ಮೂರನೆಯ ತಲೆಮಾರು ಕನ್ನಡ ನೆಲಕ್ಕೇ ಬಂದಿತು. ವಿಲಿಯಮನ ಮೊಮ್ಮಗ, ಅವನ ಹೆಸರೂ ಜಾನ್, ಭಾರತದ ಭೂಮಾಪನ ಕಾರ್ಯದಲ್ಲಿದ್ದ ಸೈನ್ಯಾಧಿಕಾರಿ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಆತ ವೀಕ್ಷಿಸಿದ್ದು ಜಮಖಂಡಿಯಲ್ಲಿ. ಪಟವರ್ಧನರ ಆ ಸಂಸ್ಥಾನದ ಅರಮನೆ ಮರಾಠಿ, ಊರು ಕನ್ನಡ. ದಾಳಿಂಬದವರಿಗೆ ಅಪರಿಚಿತವಾದ ಪರಿಸ್ಥಿತಿಯೇನಲ್ಲ. ಮಳೆಗಾಲದ ಮೋಡಗಳು ಅಡ್ಡ ಬರುತ್ತಿದ್ದವು. ಅವುಗಳ ಸಂದಿಯಲ್ಲಿ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕವನ್ನು ಸೂರ್ಯನಂಚಿನ ಜ್ವಾಲೆಗಳಿಗೆ ಹಿಡಿದಾಗ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಹೊಳೆದವು. ಜ್ವಾಲೆಗಳು ಕಾದು ಬೆಳಗುವ ಅನಿಲವೆಂದು ಇದರಿಂದ ತಿಳಿಯಿತು. ಕಿತ್ತಳೆಯ ಗೆರೆಯನ್ನು ಆತ ಸೋಡಿಯಮ್ಮಿನದೆಂದು ಭಾವಿಸಿದ. ಅದು ಆಗಿನ್ನೂ ಹೆಸರಿಲ್ಲದ ಹೀಲಿಯಮ್ಮಿನದೆಂದು ಬಳಿಕ ಗೊತ್ತಾಯಿತು.

ಪ್ಲೂಟೋ ಕುರಿತು ಒಂದೆರಡು ಮಾತು ಸಾಕು. 2006ರಲ್ಲಿ ಅದು ಗ್ರಹಗಳ ಪಂಕ್ತಿಯಿಂದ ಹೊರಬಿದ್ದಿತು. ಕನ್ನಡವು ಅದನ್ನು ಕುಬ್ಜಗ್ರಹವೆಂದಿತು, ಮರಾಠಿಯು ಬಟುಗ್ರಹವೆಂದಿತು. ಬಟು ಎಂದರೆ ವಾಮನನ ನೆನಪು. ಹೆಸರಿಡುವುದರಲ್ಲಿ ಇಲ್ಲಿ ಮರಾಠಿಗೇ ಹೆಚ್ಚು ಅಂಕ.

ಸೌರಮಂಡಲದಿಂದಾಚೆಗೆ ಶಬ್ದಗಳ ತೊಡಕು ಹೆಚ್ಚುತ್ತದೆ. ನಕ್ಷತ್ರಗಳ ನಡುವಿನ ಅನಿಲ, ಧೂಳುಗಳ ಮೋಡಕ್ಕೆ ಕನ್ನಡದಲ್ಲಿ ನೀಹಾರಿಕೆ, ಮರಾಠಿಯಲ್ಲಿ ತೇಜೋಮೇಘ. ಒಂದು ಮಂಜನ್ನು ಕಂಡಿತು, ಇನ್ನೊಂದು ಬೆಳಕನ್ನು. ಕೋಟ್ಯಂತರ ನಕ್ಷತ್ರಗಳ ಕೂಟಕ್ಕೆ ಮರಾಠಿಯಲ್ಲಿ ದೀರ್ಘಿಕಾ ಎಂಬ ಮಾತಿದೆ. ಕನ್ನಡ ಬರೆಹಗಾರರು ಹೆಚ್ಚಾಗಿ ಗೆಲಾಕ್ಸಿ ಎಂದೇ ಬರೆಯುತ್ತಾರೆ. ನವೆಂಬರದ ಅಮಾವಾಸ್ಯೆಯ ಆಸುಪಾಸಿನಲ್ಲಿ, ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ದೀಪಗಳಿಂದ ದೂರ ಹೊಲದಲ್ಲಿ ನಿಂತರೆ, ರಾತ್ರಿ ಎಂಟು-ಒಂಬತ್ತರ ಹೊತ್ತಿಗೆ ನೆತ್ತಿಯಿಂದ ಕೊಂಚ ಉತ್ತರಕ್ಕೆ ದೇವಯಾನಿಯು ಬರಿಗಣ್ಣಿಗೇ ಮಸುಕಾದ ಕಲೆಯಂತೆ ಕಾಣುತ್ತದೆ. ಯಯಾತಿಯ ದೇವಯಾನಿಯ ಹೆಸರನ್ನೇ ಎರಡೂ ಭಾಷೆಗಳು ಅದಕ್ಕೆ ಕೊಟ್ಟಿವೆ. ಅದರ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷಗಳಾದವು. 1920ರ ದಶಕದಲ್ಲಿ ಎಡ್ವಿನ್ ಹಬಲ್ ಅದರ ದೂರವನ್ನು ಅಳೆಯುವ ತನಕ ಅದು ನಮ್ಮ ಆಕಾಶಗಂಗೆಯೊಳಗಿನ ಒಂದು ನೀಹಾರಿಕೆಯೆಂದೇ ಅನೇಕರು ತಿಳಿದಿದ್ದರು. ಹಳೆಯ ಕನ್ನಡ ಪುಸ್ತಕವೊಂದರಲ್ಲಿ ‘ದೇವಯಾನಿ ನೀಹಾರಿಕೆ’ ಎಂಬುದು ಕಣ್ಣಿಗೆ ಬಿದ್ದರೆ ಅದನ್ನು ಅಚ್ಚಿನ ದೋಷವೆಂದು ತಿದ್ದಬಾರದು. ಆ ಹೆಸರು ಹಬಲನಿಗಿಂತ ಹಿಂದಿನದು.