ಸೆರೆಮನೆಯಿಂದ ಮನೆಯವರೆಗೆ

ನಿಮ್ಮ ಊರಿನವನೊಬ್ಬ ಶಿಕ್ಷೆ ಮುಗಿಸಿ ಮರಳಿದರೆ ಅವನನ್ನು ಹೇಗೆ ಬರಮಾಡಿಕೊಳ್ಳುವಿರಿ?

ಸಂತ ಪೌಲರು ಸೆರೆಯಲ್ಲಿದ್ದುಕೊಂಡೇ ಫಿಲೆಮೋನನಿಗೆ ಪತ್ರ ಬರೆದರು. ಯಜಮಾನನಿಂದ ದೂರವಾಗಿದ್ದ ಗುಲಾಮ ಒನೇಸಿಮನನ್ನು ಸಹೋದರನಂತೆ ಸೇರಿಸಿಕೊಳ್ಳಬೇಕೆಂದು ಬೇಡಿದರು. ಅಷ್ಟಕ್ಕೇ ನಿಲ್ಲಲಿಲ್ಲ, ಅವನಿಂದ ನಷ್ಟವೇನಾದರೂ ಆಗಿದ್ದರೆ ತಾವೇ ತೆರುವುದಾಗಿ ಸ್ವಹಸ್ತದಿಂದ ಬರೆದುಕೊಟ್ಟರು. ಬರಮಾಡಿಕೊಳ್ಳುವುದೆಂದರೆ ಖರ್ಚನ್ನೂ ಹೊರುವುದು ಎಂಬುದೇ ಇಲ್ಲಿನ ಪಾಠ.

ಬಿಡುಗಡೆಯಾದವನಿಗೆ ಮೊದಲು ಬೇಕಾದದ್ದು ಬಸ್ಸಿನ ಹಣ, ತಂಗಲು ಕೋಣೆ, ಗುರುತಿನ ಚೀಟಿ. ಬಳಿಕ ಕೆಲಸ, ಅದಕ್ಕೆ ಅವನ ಪರವಾಗಿ ಮಾತನಾಡುವ ಒಬ್ಬರು. ಉಪದೇಶ ಆಮೇಲಾದೀತು.

ನೆರವು ಎಲ್ಲಿದೆ? 1981ರಲ್ಲಿ ಕೇರಳದ ಗುರುವಿದ್ಯಾರ್ಥಿಗಳು ಆರಂಭಿಸಿದ ‘ಪ್ರಿಸನ್ ಮಿನಿಸ್ಟ್ರಿ ಇಂಡಿಯಾ’ ಇಂಥವರಿಗಾಗಿ ಪುನರ್ವಸತಿ ಕೇಂದ್ರಗಳನ್ನು ನಡೆಸುತ್ತಿದೆ. ಅದರ ರಾಷ್ಟ್ರೀಯ ಕಚೇರಿ ಬೆಂಗಳೂರಿನಲ್ಲಿದೆ. ಬಡ ಕೈದಿಯ ದಂಡಕ್ಕೂ ಜಾಮೀನಿಗೂ 2023ರಿಂದ ಕೇಂದ್ರ ಸರ್ಕಾರದ ನೆರವಿನ ಯೋಜನೆಯಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿರಿ. ಆದರೆ ಆ ಹಣ ಸೆರೆಮನೆಯ ಬಾಗಿಲವರೆಗೆ. ಅಲ್ಲಿಂದ ಮನೆಯವರೆಗಿನ ದಾರಿಯಲ್ಲಿ ಅವನ ಜೊತೆಗಿರುವುದು ಧರ್ಮಕೇಂದ್ರದ ಪಾಲಿನ ಕೆಲಸ.

ಆಗಸ್ಟ್ ತಿಂಗಳ ಎರಡನೆಯ ಭಾನುವಾರ ಭಾರತದ ಧರ್ಮಸಭೆಯಲ್ಲಿ ಸೆರೆಮನೆ ಸೇವಾ ಭಾನುವಾರ. ಅಂದು ಕಾಣಿಕೆ ಹಾಕುವ ಮುನ್ನ ಮನೆಮಂದಿಯೆಲ್ಲ ಕುಳಿತು ಯೋಚಿಸಿರಿ: ಪೌಲರಂತೆ ನಾವು ಯಾರ ಲೆಕ್ಕಕ್ಕೆ ಸಹಿ ಹಾಕಬಲ್ಲೆವು?